ಹಾರ್ಡ್‌ಬಾಯ್ಲ್ಡ್, ನ್ವಾರ್: ಎರಡೂ ಒಂದೇನಾ?

ಪ್ರಶ್ನೆ: ಒಂದು ಪತ್ತೇದಾರಿ ಕಥೆ ಬರೆದಿದ್ದೇನೆ. ನಾಯಕ ಖಾಸಗಿ ಪತ್ತೇದಾರ. ಮಳೆ, ರಾತ್ರಿ, ಸುಳ್ಳು ಹೇಳುವ ಹೆಂಗಸು, ಎಲ್ಲ ಇದೆ. ಓದಿದವರಲ್ಲಿ ಒಬ್ಬರು ಇದು ನ್ವಾರ್ ಅಂದರು, ಇನ್ನೊಬ್ಬರು ಹಾರ್ಡ್‌ಬಾಯ್ಲ್ಡ್ ಅಂದರು. ಕ್ರೈಂ ಕಾದಂಬರಿ ಎಡಿಟ್ ಮಾಡುವವರು ಯಾರಾದರೂ ಬಿಡಿಸಿ ಹೇಳ್ತೀರಾ?

ಉತ್ತರ (ಸಂಪಾದಕ): ಮಳೆ, ರಾತ್ರಿ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಅವು ಎರಡು ಬಗೆಯ ಕಥೆಗಳಲ್ಲೂ ಬರುತ್ತವೆ. ಹಸ್ತಪ್ರತಿ ಓದುವಾಗ ನಾನು ನೋಡುವುದು ಒಂದೇ: ನಾಯಕ ಅಪರಾಧದ ಹೊರಗೆ ನಿಂತಿದ್ದಾನಾ, ಒಳಗೆ ಬಿದ್ದಿದ್ದಾನಾ?

ಹಾರ್ಡ್‌ಬಾಯ್ಲ್ಡ್ ಅಂದರೆ ಗಟ್ಟಿಯಾಗಿ ಬೆಂದ ಮೊಟ್ಟೆ. ಹೊಡೆತ ತಿಂದು ತಿಂದು ಒಳಗೆ ಗಟ್ಟಿಯಾದ ಮನುಷ್ಯ. ಈ ಬಗೆಯ ಕಥೆ ಬೆಳೆದದ್ದು ಅಮೆರಿಕದ 'ಬ್ಲ್ಯಾಕ್ ಮಾಸ್ಕ್' ಎಂಬ ಅಗ್ಗದ ಪತ್ರಿಕೆಯಲ್ಲಿ. 1923ರಲ್ಲಿ ಕ್ಯಾರೊಲ್ ಜಾನ್ ಡಾಲಿ, ಡ್ಯಾಶಿಯಲ್ ಹ್ಯಾಮೆಟ್ ಎಂಬ ಇಬ್ಬರು ಲೇಖಕರ ಪತ್ತೇದಾರರೂ ಅದರಲ್ಲಿ ಕಾಣಿಸಿಕೊಂಡರು. ಆಗ ಅಲ್ಲಿ ಪಾನನಿಷೇಧ ಇತ್ತು. ಕಳ್ಳ ಹೆಂಡದ ದುಡ್ಡು ಪೊಲೀಸರ ಜೇಬಿಗೂ ರಾಜಕಾರಣಿಗಳ ಜೇಬಿಗೂ ಹೋಗುತ್ತಿತ್ತು. ಹ್ಯಾಮೆಟ್ ಸ್ವತಃ ಪಿಂಕರ್ಟನ್ ಏಜೆನ್ಸಿಯಲ್ಲಿ ಪತ್ತೇದಾರನಾಗಿ ದುಡಿದವರು. ಅದಕ್ಕೇ ಅವರ ಕಥೆಯಲ್ಲಿ ಪತ್ತೇದಾರಿಕೆ ಒಂದು ದಿನಗೂಲಿಯ ಕೆಲಸದ ಹಾಗೆ ಕಾಣುತ್ತದೆ. ಬೆನ್ನುಹತ್ತು, ಕಾಯಿ, ಏಟು ತಿನ್ನು, ಮತ್ತೆ ಕಾಯಿ.

ಈ ಪತ್ತೇದಾರ ಕೇಸು ಬಿಡಿಸಿದರೂ ಊರು ಸರಿಹೋಗುವುದಿಲ್ಲ. ಆದರೆ ಅವನ ಹತ್ತಿರ ಮಾರಾಟಕ್ಕಿಲ್ಲದ ಏನೋ ಒಂದು ಉಳಿದಿರುತ್ತದೆ. ಹ್ಯಾಮೆಟ್ ಅವರ 'ದಿ ಮಾಲ್ಟೀಸ್ ಫಾಲ್ಕನ್' (1930) ಕಾದಂಬರಿಯ ಕೊನೆಯಲ್ಲಿ ಪತ್ತೇದಾರ ಸ್ಯಾಮ್ ಸ್ಪೇಡ್ ತನ್ನ ಮನಸ್ಸು ಸೆಳೆದ ಹೆಂಗಸನ್ನೇ ಪೊಲೀಸರಿಗೆ ಒಪ್ಪಿಸುತ್ತಾನೆ. ಅವಳು ಕೊಂದದ್ದು ಅವನ ಪಾಲುದಾರನನ್ನು. ಆ ಪಾಲುದಾರನ ಮೇಲೆ ಸ್ಪೇಡ್‌ಗೆ ಪ್ರೀತಿಯೇನೂ ಇರಲಿಲ್ಲ. ಆದರೂ ಬಿಡುವುದಿಲ್ಲ. ಹಾರ್ಡ್‌ಬಾಯ್ಲ್ಡ್ ಅಂದರೆ ನನಗೆ ಮೊದಲು ನೆನಪಾಗುವುದು ಆ ದೃಶ್ಯವೇ.

ನ್ವಾರ್‌ನಲ್ಲಿ ಆ ಉಳಿದ ಒಂದೂ ಹೋಗುತ್ತದೆ. ಜೇಮ್ಸ್ ಎಂ. ಕೇನ್ 1934ರಲ್ಲಿ ಬರೆದ 'ದಿ ಪೋಸ್ಟ್‌ಮ್ಯಾನ್ ಆಲ್ವೇಸ್ ರಿಂಗ್ಸ್ ಟ್ವೈಸ್' ನೋಡಿ. ಅಲೆಮಾರಿಯೊಬ್ಬ, ರಸ್ತೆ ಬದಿಯ ಹೋಟೆಲ್ ಮಾಲೀಕನ ಹೆಂಡತಿ, ಇಬ್ಬರೂ ಸೇರಿ ಗಂಡನನ್ನು ಮುಗಿಸುತ್ತಾರೆ. ಕಥೆ ಹೇಳುವವನೇ ಕೊಲೆಗಾರ. ಕೊಂದವರು ಯಾರು ಅನ್ನುವ ಪ್ರಶ್ನೆಯೇ ಅಲ್ಲಿಲ್ಲ. ಇವನು ಇನ್ನೆಷ್ಟು ಕೆಳಗೆ ಹೋಗುತ್ತಾನೆ ಅಂತ ಓದುತ್ತಾ ಹೋಗುತ್ತೇವೆ.

ನ್ವಾರ್ ಅಂದರೆ ಫ್ರೆಂಚಿನಲ್ಲಿ ಕಪ್ಪು. 1945ರಲ್ಲಿ ಪ್ಯಾರಿಸ್ಸಿನ ಗಾಲಿಮಾರ್ ಪ್ರಕಾಶನ 'ಸೆರಿ ನ್ವಾರ್' ಎಂಬ ಕ್ರೈಂ ಮಾಲೆ ಶುರುಮಾಡಿತು. ಮರುವರ್ಷ ನಿನೊ ಫ್ರಾಂಕ್ ಎಂಬ ವಿಮರ್ಶಕರು ಅಮೆರಿಕದ ಕೆಲವು ಸಿನಿಮಾಗಳನ್ನು 'ಫಿಲ್ಮ್ ನ್ವಾರ್' ಅಂತ ಕರೆದರು. ಅಂದರೆ ಕೇನ್ ಆ ಕಾದಂಬರಿ ಬರೆಯುವಾಗ ನ್ವಾರ್ ಬರೆಯುತ್ತಿದ್ದೇನೆ ಅಂದುಕೊಂಡಿರಲಿಲ್ಲ. ಹೆಸರು ಬಂದದ್ದು ಆಮೇಲೆ, ಹೊರಗಿನಿಂದ.

ಇನ್ನೊಬ್ಬ ಸದಸ್ಯರು: ಹಾಗಾದರೆ ರೇಮಂಡ್ ಚಾಂಡ್ಲರ್ ಅವರ ಪತ್ತೇದಾರ ಮಾರ್ಲೋ? ಅವನ ಕಥೆ 'ದಿ ಬಿಗ್ ಸ್ಲೀಪ್' ನ್ವಾರ್ ಅಂತಲೇ ಕೇಳಿದ್ದೆ.

ಉತ್ತರ: 1939ರ ಕಾದಂಬರಿ ಹಾರ್ಡ್‌ಬಾಯ್ಲ್ಡ್. 1946ರ ಸಿನಿಮಾವನ್ನು ಫಿಲ್ಮ್ ನ್ವಾರ್ ಪಟ್ಟಿಗೆ ಸೇರಿಸುತ್ತಾರೆ. ಸಿನಿಮಾದಲ್ಲಿ ನೆರಳು, ಬೆಳಕು, ಒಟ್ಟು ಛಾಯೆ ನೋಡಿಯೂ ಆ ಹೆಸರು ಕೊಡುವುದುಂಟು. ಗೊಂದಲ ಜಾಸ್ತಿ ಆಗಿರುವುದೇ ಅಲ್ಲಿ.

ಪ್ರಶ್ನೆ ಕೇಳಿದವರು: ನನ್ನ ಕಥೆಯ ಕೊನೆಯ ಸಾಲು ಇದು: 'ಅವನು ಲಕೋಟೆ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ.' ಲಂಚ ಅದು. ಅಲ್ಲಿಯವರೆಗೆ ಪ್ರಾಮಾಣಿಕ.

ಉತ್ತರ: ಹಾಗಾದರೆ ಹಾರ್ಡ್‌ಬಾಯ್ಲ್ಡ್ ಆಗಿ ಶುರುವಾಗಿ ಕೊನೆಯ ಸಾಲಿನಲ್ಲಿ ನ್ವಾರ್‌ಗೆ ಜಾರಿದೆ. ಬೆರೆಸುವುದು ತಪ್ಪಲ್ಲ. ಆದರೆ ಈಗ ಅದು ಸುಮ್ನೆ ಒಂದು ತಿರುವು ಅಷ್ಟೇ. ನ್ವಾರ್‌ನಲ್ಲಿ ಮನುಷ್ಯ ಒಮ್ಮೆಲೇ ಬೀಳುವುದಿಲ್ಲ, ಪುಟಪುಟಕ್ಕೂ ಜಾರುತ್ತಿರುತ್ತಾನೆ, ಅಲ್ವಾ? ಎರಡನೇ ಅಧ್ಯಾಯದಲ್ಲೇ ಅಂಥದ್ದೇ ಒಂದು ಲಕೋಟೆ ಅವನ ಮೇಜಿನ ಮೇಲೆ ಬರಲಿ. ವಾಪಸ್ ಕೊಡಲಿ. ಆದರೆ ಕೊಡುವ ಮುಂಚೆ ಬೆರಳಿನಿಂದ ಅದರ ದಪ್ಪ ನೋಡಲಿ. ಆ ಪುಟ ಬರೆದು ಇಲ್ಲಿ ಹಾಕಿ, ಓದುತ್ತೇನೆ.