ಗುಳಿಗೆಯ ‘ಕೋರ್ಸ್’ಗೆ ‘ಮುದ್ದತು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆ ಸುತ್ತಿನ ಹಳ್ಳಿಗಳಲ್ಲಿ ನಾವು ಕೆಲವು ಫಾರ್ಮಸಿಸ್ಟರು ಗುಳಿಗೆ ಹೇಗೆ, ಎಷ್ಟು ದಿನ ತಗೋಬೇಕು ಅಂತ ಜನರಿಗೆ ತಿಳಿಸಿ ಹೇಳುತ್ತಿದ್ದೇವೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯ ಪ್ರಕಾರವೂ ಇದು ನಮ್ಮ ಕೆಲಸವೇ. ಚೀಟಿ ನೋಡಿ ಗುಳಿಗೆ ಎಣಿಸಿ ಕೊಟ್ಟರಷ್ಟೇ ಸಾಲದು.

ನಮಗೆ ತೊಡಕಾಗಿರುವುದು ‘ಕೋರ್ಸ್’ ಪದ, ಅಂದರೆ ವೈದ್ಯರು ಹೇಳಿದಷ್ಟು ದಿನ ತಗೋಬೇಕಾದ ಪೂರ್ತಿ ಔಷಧ. ‘ಆಂಟಿಬಯಾಟಿಕ್ ಕೋರ್ಸ್ ಪೂರ್ಣಗೊಳಿಸಿ’ ಅಂತ ಕರಪತ್ರದಲ್ಲಿ ಬರೆಯುತ್ತೇವೆ. ಇಲ್ಲಿನ ಜನರಿಗೆ ಕೋರ್ಸ್ ಅಂದರೆ ಕಂಪ್ಯೂಟರ್ ಕೋರ್ಸ್, ಟೇಲರಿಂಗ್ ಕೋರ್ಸ್. “ಜ್ವರಾ ಬಿಟ್ಟಾವಲ್ರಿ, ಮತ್ಯಾಕ ನುಂಗೂದು?” ಅಂದ ಅಜ್ಜಿಯೊಬ್ಬರು ಉಳಿದ ಗುಳಿಗೆಗಳನ್ನು ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಗುಳಿಗೆ ಪಟ್ಟಿಯ (ಸ್ಟ್ರಿಪ್) ಮೇಲೆ ಕೆಂಪು ಗೆರೆ ಎದ್ದು ಕಾಣುತ್ತಿತ್ತು, ಅಂದರೆ ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಔಷಧ. ಮೊಮ್ಮಗನಿಗೆ ಜ್ವರ ಬಂದರೆ ಇರಲಿ ಅಂತ ಕಾದಿಟ್ಟಿದ್ದರು.

“ಇದಕ್ಕ ಐದ ದಿನದ ಮುದ್ದತು ಐತ್ರಿ ಅಮ್ಮಾ” ಅಂದೆ. “ಹಂಗಾರ ಸೊಸಾಯಿಟಿ ಠೇವಣಿ ಇದ್ದಂಗ, ನಡುವ ಮುರಸಬಾರ್ದು” ಅಂದರು. ಮುದ್ದತಿ ಠೇವಣಿ ಗೊತ್ತಿದ್ದವರಿಗೆ ಬೇರೆ ವಿವರಣೆಯೇ ಬೇಕಾಗಲಿಲ್ಲ!

ಆದರೂ ನನಗೆ ಎರಡು ಅನುಮಾನಗಳಿವೆ. ‘ಮುದ್ದತು ಮುಗಿದ ಔಷಧ’ ಅಂದರೆ ಎಕ್ಸ್‌ಪೈರಿ ಆದದ್ದು. ‘ಮುದ್ದತು ಮುಗಿಯುವ ತನಕ ತಗೊಳ್ಳಿ’ ಅಂತ ಅಚ್ಚು ಹಾಕಿಸಿದರೆ, ಪಟ್ಟಿಯ ಮೇಲಿನ ತಾರೀಖು ನೋಡಿ ಅಲ್ಲಿಯವರೆಗೆ ನುಂಗುತ್ತ ಹೋದಾರು. ಇದು ಸಣ್ಣ ಅಪಾಯವಲ್ಲ. ‘ಅವಧಿ’ ಅಂದರೂ ಅದೇ ಗೊಂದಲ. ಇನ್ನೊಂದು, ಮರಾಠಿಯಲ್ಲಿ ಟೈಫಾಯಿಡ್‌ಗೆ ‘ಮುದತೀಚಾ ತಾಪ’ ಅನ್ನುತ್ತಾರೆ. ನಿಪ್ಪಾಣಿ, ಖಾನಾಪುರದ ಕಡೆ ‘ಜ್ವರ, ಮುದ್ದತು’ ಎರಡೂ ಒಟ್ಟಿಗೆ ಕಿವಿಗೆ ಬಿದ್ದರೆ ಜನ ಗಾಬರಿಯಾಗಬಹುದೇ?

ಬೇರೆ ಪದ ಹುಡುಕಿದರೆ, ‘ಸರಣಿ’ ತೀರ ಪುಸ್ತಕದ ಮಾತು. ‘ಪಾಳಿ’ ಅಂದರೆ ನೀರಿನ ಪಾಳಿ, ಫ್ಯಾಕ್ಟರಿ ಪಾಳಿ. ‘ಐದು ದಿನದ ಗುಳಿಗೆ’, ಕ್ಷಯಕ್ಕಾದರೆ ‘ಆರು ತಿಂಗಳ ಗುಳಿಗೆ’ ಅಂತ ದಿನ ಹಚ್ಚಿ ಹೇಳುವುದೇ ಮೇಲು ಅಂತ ನನಗೆ ಅನಿಸತೊಡಗಿದೆ. ಕ್ಷಯದ ಔಷಧವನ್ನು ಅರ್ಧಕ್ಕೆ ಬಿಟ್ಟರೆ ರೋಗ ಅದೇ ಔಷಧಕ್ಕೆ ಬಗ್ಗದಂತಾಗಿ ಮರಳಬಹುದು. ಹಾಗಾಗಿ ಈ ಮಾತು ಕೇಳಿದವರಿಗೆ ಒಂದೇ ಅರ್ಥ ಕೊಡಬೇಕು.

ವಿಜಯಪುರ, ಇಂಡಿ, ಅಥಣಿ ಕಡೆಯವರು ಮನೆಯಲ್ಲಿ ಇದಕ್ಕೆ ಏನನ್ನುತ್ತೀರಿ? ಹಿರಿಯರ ಬಾಯಲ್ಲಿ ಬೇರೆ ಪದವಿದ್ದರೆ, ಅದನ್ನು ಆಡುವ ಪೂರ್ತಿ ವಾಕ್ಯದೊಂದಿಗೆ ತಿಳಿಸಿ. ಹೊಸ ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.