ಹಾರ್ಡ್‌ವಿಕ್ ಹಾಲ್: ಇಷ್ಟೊಂದು ಕಿಟಕಿ ಹೇಗೆ?

ಪ್ರಶ್ನೆ: ಹೋದ ವಾರ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹಾರ್ಡ್‌ವಿಕ್ ಹಾಲ್ ಎಂಬ ಹಳೇ ಬಂಗಲೆ ನೋಡಿ ಬಂದೆ. ಗೋಡೆಗಿಂತ ಗಾಜೇ ಜಾಸ್ತಿ! ಕತ್ತು ನೋವು ಬರುವವರೆಗೂ ನೋಡುತ್ತಾ ನಿಂತಿದ್ದೆ. ಆ ಚಳಿಗೆ ಪ್ರತಿ ಕೋಣೆಗೂ ಬೆಂಕಿಗೂಡು ಬೇಕು, ಅಲ್ವಾ? ಹೊಗೆ ಹೋಗುವುದು ಎಲ್ಲಿಂದ?

ಉತ್ತರ 1: ಹೊಗೆಕೊಳವೆಗಳೆಲ್ಲ ಒಳಗಿನ ಗೋಡೆಗಳಲ್ಲಿವೆ. ಅದಕ್ಕೇ ಹೊರಗೋಡೆಯಲ್ಲಿ ಅಷ್ಟು ದೊಡ್ಡ ಕಿಟಕಿಗಳಿಗೆ ಜಾಗ ಸಿಕ್ಕಿತು. 1590ರ ದಶಕದ ಮನೆ. ವಿನ್ಯಾಸ ರಾಬರ್ಟ್ ಸ್ಮಿತ್‌ಸನ್‌ನದು ಎನ್ನುತ್ತಾರೆ.

ಪ್ರಶ್ನೆ ಕೇಳಿದವರು: ಓಹೋ! ಮೇಲೆ ಹೋದಂತೆ ಕಿಟಕಿ ಇನ್ನೂ ಎತ್ತರ ಆಗುತ್ತದಲ್ಲ?

ಉತ್ತರ 2: ರಾಣಿಯಂಥವರು ಬಂದರೆ ಇರಲಿ ಎಂದು ಕಟ್ಟಿಸಿದ ಕೋಣೆಗಳು ತೀರಾ ಮೇಲಿನ ಅಂತಸ್ತಿನಲ್ಲಿವೆ. ಆಗ ಗಾಜು ಬಲು ದುಬಾರಿ, ಜಂಬ ತೋರಿಸಬೇಕಲ್ಲ! ಗೋಪುರದ ತುದಿಯ ‘ಇ ಎಸ್’ ಗಮನಿಸಿದಿರಾ? ಒಡತಿ ಎಲಿಜಬೆತ್ ಶ್ರೂಸ್‌ಬರಿ.

ಪ್ರಶ್ನೆ ಕೇಳಿದವರು: ಸುಮ್ನೆ ಅಲಂಕಾರ ಅಂದುಕೊಂಡಿದ್ದೆ. ನನ್ನ ಫೋಟೋದಲ್ಲಿ ‘ಎಸ್’ ಅರ್ಧ ಕತ್ತರಿಸಿ ಹೋಗಿದೆ.