ಶಾರ್ತ್ರ್ ಕೆಥೆಡ್ರಲಿನ ಲ್ಯಾಬಿರಿಂತ್‌ಗೆ ‘ಚಕ್ರವ್ಯೂಹ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಶಾರ್ತ್ರ್ ಊರಿನ ಕೆಥೆಡ್ರಲ್ (ಬಿಷಪ್ಪರ ಮುಖ್ಯ ಚರ್ಚು) ನೋಡಿ ಬಂದು ಅದರ ಬಗ್ಗೆ ಬರೆಯುತ್ತಿದ್ದೇನೆ. ಹಳೆಯದು 1194ರ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋದ ಮೇಲೆ ಮತ್ತೆ ಕಟ್ಟಿದ್ದು ಇದು. ಅಲ್ಲಿ ಕಂಡ ಹೆಚ್ಚಿನವಕ್ಕೆ ಕನ್ನಡ ಪದ ಸಲೀಸಾಗಿ ಸಿಕ್ಕಿತು. ನಮ್ಮ ಕ್ರೈಸ್ತರು ಬಳಸುವ ‘ಪ್ರಧಾನಾಲಯ’, ‘ಬಲಿಪೀಠ’ ಇವೆ, ಬಣ್ಣದ ಗಾಜಿನ ಕಿಟಕಿಗೆ ಹಾಗೇ ಅಂದರೆ ಸಾಕು. ತೊಡಕಾಗಿರುವುದು ಲ್ಯಾಬಿರಿಂತ್ ಒಂದಕ್ಕೇ.

ಇದು ನೆಲದ ಹಾಸುಗಲ್ಲಿನಲ್ಲೇ ಕೂಡಿಸಿದ ದೊಡ್ಡ ವೃತ್ತ. ಅಡ್ಡಗಲ 13 ಮೀಟರಿಗೆ ಚೂರು ಕಡಿಮೆ. ನಡೆಯುವ ದಾರಿ ತಿಳಿಬಣ್ಣದ ಕಲ್ಲು, ನಡುವಿನ ಗೆರೆ ಕಪ್ಪು ಕಲ್ಲು. 11 ಸುತ್ತು, ಮಧ್ಯದಲ್ಲಿ ಆರು ಎಸಳಿನ ಹೂವು. ಮಾಮೂಲಿ ದಿನ ಮೇಲೆಲ್ಲ ಕುರ್ಚಿ ಹಾಕಿರುತ್ತಾರೆ, ಬೇಸಿಗೆಯ ಶುಕ್ರವಾರಗಳಲ್ಲಿ ತೆಗೆಯುತ್ತಾರೆ. ಆಗ ಜನ ಒಬ್ಬರ ಹಿಂದೆ ಒಬ್ಬರು ಮೆಲ್ಲಗೆ ನಡೆಯುತ್ತಾರೆ, ಕೆಲವರು ಬರಿಗಾಲಲ್ಲಿ. ಇನ್ನೇನು ಮಧ್ಯಕ್ಕೆ ಬಂದೆವು ಅನ್ನುವಷ್ಟರಲ್ಲಿ ದಾರಿ ತಿರುಗಿ ಮತ್ತೆ ಹೊರಗಿನ ಸುತ್ತಿಗೆ ಕರೆದುಕೊಂಡು ಹೋಗುತ್ತದೆ, ಹಾಗಾಗಿ ಅಷ್ಟು ಸಣ್ಣ ಜಾಗದಲ್ಲೇ ಸುಮಾರು 260 ಮೀಟರ್ ನಡೆಯಬೇಕು. ಆದರೆ ಎಲ್ಲೂ ಕವಲಿಲ್ಲ. ದಾರಿ ತಪ್ಪುವ ಮಾತೇ ಇಲ್ಲ.

ಕನ್ನಡದಲ್ಲಿ ಇದಕ್ಕೆ ‘ಚಕ್ರವ್ಯೂಹ’ ಅಂತ ಬರೆಯುವುದು ರೂಢಿ. ಆಕಾರಕ್ಕೇನೋ ಒಪ್ಪುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಅಭಿಮನ್ಯುವಿನ ಚಕ್ರವ್ಯೂಹವನ್ನು ಸುತ್ತು ಸುತ್ತಾದ ಗೆರೆಗಳಲ್ಲೇ ಕೆತ್ತಿದ್ದಾರೆ, ಅದೂ ಇದೂ ಹೆಚ್ಚುಕಡಿಮೆ ಒಂದೇ ಕಾಲದವು. ಆದರೆ ಅರ್ಥ? ಚಕ್ರವ್ಯೂಹ ಅಂದ ಕೂಡಲೇ ಯುದ್ಧ, ಮೋಸ, ಒಳಗೆ ಹೋದವನು ಹೊರಗೆ ಬರಲಾರ ಅನ್ನುವುದೇ ನೆನಪಿಗೆ ಬರುತ್ತದೆ ಅಲ್ವಾ? ಇಲ್ಲಿ ಹೋದ ದಾರಿಯಲ್ಲೇ ನೆಮ್ಮದಿಯಾಗಿ ವಾಪಸ್ ಬರಬಹುದು. ಪ್ರಾರ್ಥನೆ ಮಾಡುತ್ತಾ ನಡೆಯುವ ಜಾಗಕ್ಕೆ ಆ ಹೆಸರು ಇಡಲು ನನಗಂತೂ ಮನಸ್ಸಿಲ್ಲ.

‘ಪ್ರದಕ್ಷಿಣಾಪಥ’ ಅಂದರೆ ಗರ್ಭಗುಡಿಯ ಸುತ್ತ ಹೋದ ಹಾಗಾಗುತ್ತದೆ, ಮಧ್ಯಕ್ಕೆ ಸೇರುವುದು ಬರುವುದಿಲ್ಲ. ‘ಸುತ್ತುದಾರಿ’ ಅಂದರೆ ಬಳಸಿಕೊಂಡು ಹೋಗುವ ದೂರದ ದಾರಿ ಅಂತ ತಿಳಿಯುತ್ತಾರೆ. ಸದ್ಯಕ್ಕೆ ‘ಸುಳಿದಾರಿ’ ಅಂತ ಬರೆದಿಟ್ಟಿದ್ದೇನೆ. ತಲೆಯ ಸುಳಿಯ ಹಾಗೆ ಒಳಕ್ಕೆ ಸುತ್ತಿಕೊಂಡು ಹೋಗುವುದು ಅದರಲ್ಲಿ ಕಾಣುತ್ತದೆ. ನೀರಿನ ಸುಳಿ ನೆನಪಾಗಿ ಯಾರಾದರೂ ಬೆಚ್ಚುತ್ತಾರಾ, ಹೇಳಿ. ಕವಲುಗಳಿದ್ದು ದಿಕ್ಕು ತಪ್ಪಿಸುವ ಮೇಜ್‌ಗೆ ಬೇರೆಯೇ ಪದ ಬೇಕು, ಎರಡನ್ನೂ ಒಂದೇ ಹೆಸರಲ್ಲಿ ಕರೆಯುವುದು ಸರಿಯಲ್ಲ.

ನಿಮ್ಮ ಕಡೆ ಒಂದೇ ಎಳೆಯಲ್ಲಿ ಹೀಗೆ ಒಳಕ್ಕೆ ಸುತ್ತುವ ರಂಗೋಲಿಗೋ, ಮಕ್ಕಳು ನೆಲದ ಮೇಲೆ ಗೀಚಿ ಆಡುವ ಆಟಕ್ಕೋ ಹೆಸರಿದೆಯಾ? ಇದ್ದರೆ ಊರಿನ ಹೆಸರಿನ ಜೊತೆ ದಯವಿಟ್ಟು ತಿಳಿಸಿ.